ತೂತಿಲ್ಲದ ಗಾಜಿನಲ್ಲಿ ಆರ್ಕಿಡ್: ಯಾವ ವಿಧಾನ ಯಾರಿಗೆ?

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಂಥ ಮಳೆನಾಡಿನಲ್ಲಿ ಹಲಸು, ಮಾವಿನ ಕೊಂಬೆಗೆ ಅಂಟಿಕೊಂಡ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ ನಾಲ್ಕು ತಿಂಗಳು ತೊಯ್ಯುತ್ತಲೇ ಇರುತ್ತದೆ. ಆದರೂ ಅದರ ಬೇರು ಕೊಳೆಯುವುದಿಲ್ಲ. ಅಂಥದ್ದೇ ಬೇರಿರುವ ಗಿಡವನ್ನು ನರ್ಸರಿಯಿಂದ ತಂದು, ಗಾಜಿನ ಬೋಗುಣಿಯಲ್ಲಿ ತೊಗಟೆ ತುಂಬಿ ನೆಟ್ಟು, ವಾರಕ್ಕೊಮ್ಮೆ ಬರೀ ಅರ್ಧ ಲೋಟ ನೀರು ಹಾಕಿ ನೋಡಿ. ಎರಡು ತಿಂಗಳಲ್ಲಿ ಬೇರು ಕಪ್ಪಾಗಿ, ಮುಟ್ಟಿದರೆ ಲೋಳೆಯಾಗಿ ಜಾರುತ್ತದೆ.

ಕೊಂಬೆಯ ಮೇಲೆ ಬಿದ್ದ ಮಳೆ ಬೇರನ್ನು ಸವರಿಕೊಂಡು ಹರಿದುಹೋಗುತ್ತದೆ, ಹಿಂದೆಯೇ ಗಾಳಿ ಬರುತ್ತದೆ. ಗಾಜಿನ ತಳದಲ್ಲಿ ನಿಂತ ನೀರು ಗಾಳಿಯ ಜಾಗವನ್ನೇ ಹಿಡಿದುಕೊಂಡು ಕೂರುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇದ್ದರೆ, 25 ಡಿಗ್ರಿ ಬಿಸಿಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ 8 ಮಿಲಿಗ್ರಾಂ ಕರಗಿರುತ್ತದೆ. ಅದು ನೀರಿನೊಳಗೆ ಹರಡುವುದೂ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಬೇರು ಇದ್ದಷ್ಟನ್ನು ಉಸಿರಾಡಿ ಮುಗಿಸುತ್ತದೆ, ಹೊಸದು ಬರುವ ಹೊತ್ತಿಗೆ ಜೀವಕೋಶಗಳು ಸತ್ತಿರುತ್ತವೆ. ಕೊಳೆರೋಗದ ಶಿಲೀಂಧ್ರಗಳು ಬರುವುದು ಅದರ ಮೇಲೆ. ಹಾಗಾಗಿ ಕೊಳೆತ ಮೇಲೆ ಶಿಲೀಂಧ್ರನಾಶಕ ಸಿಂಪಡಿಸುವುದರಿಂದ ಹೆಚ್ಚೇನೂ ಆಗದು.

ಹೀಗಾಗಿ ತೂತಿಲ್ಲದ ಗಾಜನ್ನು ಆರಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಪಾತ್ರೆಯಲ್ಲಿ ಬೇರಿಗೆ ಗಾಳಿ ಎಲ್ಲಿಂದ, ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಕೆಳಗಿನ ಒಂದೊಂದು ವಿಧಾನವೂ ಇದಕ್ಕೆ ಬೇರೆ ಬೇರೆ ಉತ್ತರ. ಇಲ್ಲಿನ ಮಾತು ಹೆಚ್ಚಾಗಿ ಫೆಲನಾಪ್ಸಿಸ್ ಬಗ್ಗೆ. ಮನೆಗಳಿಗೆ ಬರುವ ಆರ್ಕಿಡ್‌ಗಳಲ್ಲಿ ಅದೇ ಹೆಚ್ಚು. ಬೇರೆ ಜಾತಿಗಳ ಮಾತು ಬಂದಲ್ಲಿ ಹೆಸರು ಹೇಳಿದೆ.

ಗಾಜಿನ ನಿಜವಾದ ಲಾಭ

ಗಾಜು ಚೆಂದ ಎನ್ನುವುದು ಇರಲಿ. ಅದಕ್ಕಿಂತ ದೊಡ್ಡ ಲಾಭವೆಂದರೆ ಬೇರು ಕಣ್ಣಿಗೆ ಕಾಣುತ್ತದೆ. ಆರ್ಕಿಡ್ ಬೇರಿನ ಹೊರಗೆ ವೆಲಮೆನ್ ಎಂಬ ಸ್ಪಂಜಿನಂಥ ಪದರವಿದೆ. ಅದು ಸತ್ತ, ಟೊಳ್ಳು ಕೋಶಗಳದ್ದು. ಒಣಗಿದಾಗ ಅದರಲ್ಲಿ ಗಾಳಿ ತುಂಬಿ ಬೇರು ಬೆಳ್ಳಿ ಬಣ್ಣಕ್ಕೆ ಕಾಣುತ್ತದೆ. ನೀರು ಕುಡಿದ ಕೂಡಲೇ ಪಾರದರ್ಶಕವಾಗಿ ಒಳಗಿನ ಹಸಿರು ಹೊಳೆಯುತ್ತದೆ. ಬೆಳ್ಳಿ ಎಂದರೆ ಬಾಯಾರಿಕೆ, ಹಸಿರು ಎಂದರೆ ಹೊಟ್ಟೆ ತುಂಬಿದೆ. ಕಂದು ಬಣ್ಣ ಬಂದ ಮಾತ್ರಕ್ಕೆ ಹೆದರಬೇಕಿಲ್ಲ, ತೊಗಟೆಯ ಕರೆ ಹತ್ತಿರಬಹುದು. ಎರಡು ಬೆರಳಲ್ಲಿ ಹಿಸುಕಿ: ಗಟ್ಟಿಯಿದ್ದರೆ ಬದುಕಿದೆ, ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಗೆ ಬಂದರೆ ಸತ್ತಿದೆ. ಗಾಜಿನ ಒಳಗೋಡೆಗೆ ಮಂಜು ಕಟ್ಟಿದೆಯೋ, ಅಂದು ನೀರು ಬೇಡ. ಇಷ್ಟು ಓದಲು ಬಂದರೆ ವಾರಕ್ಕೆಷ್ಟು ನೀರು ಎಂಬ ಪ್ರಶ್ನೆಯೇ ಏಳುವುದಿಲ್ಲ.

ನಷ್ಟವೂ ಇದೆ. ಬಿಸಿಲು ನೇರ ಬಿದ್ದ ಗಾಜಿನೊಳಗೆ ಬಿಸಿ ಕೂಡಿಕೊಂಡು ಬೇರು ಬೇಯುತ್ತದೆ. ಬೆಳಕು ಒಳಬರುವುದರಿಂದ ನೀರಿರುವ ಕಡೆ ಹಸಿರು ಪಾಚಿ ಹಿಡಿಯುತ್ತದೆ. ಪಾಚಿ ಹಗಲು ಆಮ್ಲಜನಕ ಕೊಟ್ಟರೂ ರಾತ್ರಿ ಬೇರಿನ ಜೊತೆ ಅದಕ್ಕಾಗಿಯೇ ಪೈಪೋಟಿಗೆ ಇಳಿಯುತ್ತದೆ. ಹಳೆಯ ಕಾಲುಚೀಲವನ್ನೋ ಗೋಣಿ ಬಟ್ಟೆಯ ಕವಚವನ್ನೋ ನೀರಿನ ಮಟ್ಟದವರೆಗೆ ಹಾಕಿ, ನೋಡಬೇಕಾದಾಗ ಇಳಿಸಿದರೆ ಸಾಕು.

ಗಾಜಿನೊಳಗೆ ಪ್ಲಾಸ್ಟಿಕ್ ಕುಂಡ

ಮೊದಲ ಆರ್ಕಿಡ್ ತಂದವರಿಗೆ, ವಾರಗಟ್ಟಲೆ ಊರು ಬಿಡುವವರಿಗೆ, ನೀರು ಹಾಕುವವರು ಮನೆಯಲ್ಲಿ ಮೂವರಿದ್ದಾರೆ ಎನ್ನುವವರಿಗೆ ಇದೇ ಸರಿ. ಒಳಗೆ ತೂತುಗಳಿರುವ ಪಾರದರ್ಶಕ ಪ್ಲಾಸ್ಟಿಕ್ ಕುಂಡ, ಹೊರಗೆ ಗಾಜು. ಶುದ್ಧ ಗಾಜಿನ ವಿಧಾನವಲ್ಲ ಎಂದು ಕೆಲವರು ಮೂಗು ಮುರಿಯುತ್ತಾರೆ, ಆದರೆ ಗಿಡಕ್ಕೆ ಆ ಭೇದವಿಲ್ಲ.

ಗಾಜಿನ ಒಳವ್ಯಾಸ ಕುಂಡಕ್ಕಿಂತ 2ರಿಂದ 3 ಸೆಂ.ಮೀ. ದೊಡ್ಡದಿರಲಿ. ಬಿಗಿಯಾಗಿ ಕೂತರೆ ಸುತ್ತ ಗಾಳಿಯಾಡದೆ ಒಳಗೋಡೆ ಸದಾ ಬೆವರುತ್ತಿರುತ್ತದೆ. ತಳದಲ್ಲಿ ಒಂದು ಡಬ್ಬಿಯ ಮುಚ್ಚಳ ಬೋರಲು ಹಾಕಿ ಕುಂಡವನ್ನು 3 ಸೆಂ.ಮೀ. ಎತ್ತರಿಸಿ. ಕುಂಡ ಸಿಗದಿದ್ದರೆ ಒಂದು ಕಿಲೋ ಮೊಸರಿನ ಪಾರದರ್ಶಕ ಡಬ್ಬಿಗೆ ಕಾಯಿಸಿದ ಮೊಳೆಯಿಂದ ತಳದಲ್ಲಿ ಎಂಟು, ಪಕ್ಕದಲ್ಲಿ ಎಂಟು ತೂತು ಹಾಕಿದರೂ ಆದೀತು. ನೀರು ಹಾಕುವಾಗ ಕುಂಡವನ್ನು ಹೊರತೆಗೆದು ಸಿಂಕಿನಲ್ಲಿ ಅರ್ಧ ಲೀಟರ್ ನಿಧಾನ ಸುರಿದು, ಹದಿನೈದು ನಿಮಿಷ ಬಸಿದು, ಮತ್ತೆ ಒಳಗಿಡಿ. ಇದು ಕೆಡುವುದು ಒಂದೇ ಕಾರಣಕ್ಕೆ: ಸೋಮಾರಿತನದಿಂದ ಕುಂಡ ಎತ್ತದೆ ಮೇಲಿಂದಲೇ ಸುರಿದು, ಕೆಳಗೆ ಕೂಡಿದ ನೀರನ್ನು ಮರೆಯುವುದು.

ಲೆಕಾ ಉಂಡೆಗಳು

ಗಾಜಿನಲ್ಲೇ ನೇರ ಬೆಳೆಸಬೇಕು, ವರ್ಷಾನುಗಟ್ಟಲೆ ಉಳಿಯಬೇಕು ಎನ್ನುವವರಿಗೆ ನಮ್ಮ ಮೊದಲ ಆಯ್ಕೆ ಲೆಕಾ, ಅಂದರೆ ಸುಟ್ಟು ಉಬ್ಬಿಸಿದ ಜೇಡಿಮಣ್ಣಿನ ಉಂಡೆಗಳು. ತಳದಲ್ಲಿ ಸ್ವಲ್ಪ ನೀರು ನಿಂತಿರುತ್ತದೆ. ಉಂಡೆಗಳು ಅದನ್ನು ಬತ್ತಿಯಂತೆ ಮೇಲಕ್ಕೆ ಹೀರುತ್ತವೆ. ಉಂಡೆಗಳ ನಡುವಿನ ದೊಡ್ಡ ಸಂದುಗಳಲ್ಲಿ ಗಾಳಿ ಉಳಿಯುತ್ತದೆ. ತೊಗಟೆಯ ಹಾಗೆ ಕೊಳೆತು ಕುಸಿಯುವುದಿಲ್ಲ, ತೊಳೆದು ಮತ್ತೆ ಬಳಸಬಹುದು. ಸಾಮಾನ್ಯವಾಗಿ ಈ ಪದ್ಧತಿಯಲ್ಲಿ ಕುಂಡದ ಪಕ್ಕಕ್ಕೆ, ತಳದಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ತೂತು ಕೊರೆಯುತ್ತಾರೆ. ಹೆಚ್ಚಾದ ನೀರು ತಾನೇ ಹೊರಬೀಳುತ್ತದೆ. ಗಾಜಿನಲ್ಲಿ ಆ ಕೆಲಸ ನಿಮ್ಮ ಕಣ್ಣಿನದು.

8ರಿಂದ 16 ಮಿ.ಮೀ. ಗಾತ್ರದ ಉಂಡೆ ಕೊಳ್ಳಿ. ಪೇಟೆಯಲ್ಲಿ ಸಿಗುವುದೆಲ್ಲ ಒಂದೇ ಗುಣಮಟ್ಟದ್ದಲ್ಲ. ನಾಲ್ಕು ಉಂಡೆಗಳ ಮೇಲೆ ವಿನಿಗರ್ ಹನಿಸಿ ನೋಡಿ, ನೊರೆ ಎದ್ದರೆ ಸುಣ್ಣದ ಅಂಶವಿದೆ. ಅದು ನೀರಿನ ಪಿಎಚ್ ಏರಿಸುತ್ತದೆ, ಆರ್ಕಿಡ್‌ಗೆ ಬೇಕಾದದ್ದು 5.5ರಿಂದ 6.5. ನೀರಲ್ಲಿ ಒಂದು ರಾತ್ರಿ ನೆನೆಸಿದಾಗ ಕೆಸರಾಗಿ ಕರಗಿದರೆ ಅದು ಸರಿಯಾಗಿ ಸುಟ್ಟದ್ದಲ್ಲ, ಹಿಂದಿರುಗಿಸಿ. ಒಳ್ಳೆಯ ಉಂಡೆಯನ್ನೂ ದೂಳು ಹೋಗುವ ತನಕ ತೊಳೆದು, 24 ಗಂಟೆ ನೆನೆಸಿ, ಬಸಿಯಬೇಕು.

13 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರದ ನೇರ ಗೋಡೆಯ ಗಾಜು ಒಂದು ಮಧ್ಯಮ ಫೆಲನಾಪ್ಸಿಸ್‌ಗೆ ಸರಿಹೋಗುತ್ತದೆ. ಕತ್ತು ಕಿರಿದಾದ ಮೀನಿನ ಬೋಗುಣಿ ಬೇಡ. ಗಿಡ ಒಳಗೆ ಹೋಗುತ್ತದೆ, ಬೇರು ಬೆಳೆದ ಮೇಲೆ ಹೊರಗೆ ಬರುವುದಿಲ್ಲ. ಹಳೆಯ ತೊಗಟೆ, ಮಾಸ್ (ನೆಡಲು ಬಳಸುವ ಒಣಗಿಸಿದ ಹಾವಸೆ) ಎಲ್ಲವನ್ನೂ ಬೇರಿನಿಂದ ಪೂರ್ತಿ ತೆಗೆಯಿರಿ. ನಡುವೆ ಉಳಿದ ಒಂದು ತುಣುಕು ಮಾಸ್ ಸಾಕು, ಅಲ್ಲಿಂದಲೇ ಕೊಳೆ ಶುರು. ಸತ್ತ ಬೇರನ್ನು ಬೆಂಕಿಗೆ ಹಿಡಿದು ಆರಿಸಿದ ಕತ್ತರಿಯಿಂದ ಕತ್ತರಿಸಿ, ಗಾಯ ಆರಲು ಒಂದು ದಿನ ನೆರಳಲ್ಲಿಡಿ. ದಾಲ್ಚಿನ್ನಿ ಪುಡಿ ಹಚ್ಚಿ ಎಂಬ ಸಲಹೆ ಎಲ್ಲೆಲ್ಲೂ ಇದೆ. ಅದು ತಾಗಿದ ಜಾಗವನ್ನು ಒಣಗಿಸುತ್ತದೆ, ಜೀವಂತ ಬೇರನ್ನೂ ಬಿಡುವುದಿಲ್ಲ. ಎಲೆಯ ಗಾಯಕ್ಕೆ ಸರಿ, ಬೇರಿಗೆ ಬೇಡ.

ತಳಕ್ಕೆ 4 ಸೆಂ.ಮೀ. ಉಂಡೆ ಹಾಕಿ. ಕೊನೆಯ ಎಲೆ ಮುಗಿದು ಬೇರು ಶುರುವಾಗುವ ಗಂಟು ಉಂಡೆಗಳ ಮಟ್ಟಕ್ಕಿಂತ 1 ಸೆಂ.ಮೀ. ಮೇಲಿರುವಂತೆ ಗಿಡವನ್ನು ಹಿಡಿದು, ಸುತ್ತ ಉಂಡೆ ಸುರಿದು, ಪಾತ್ರೆಯನ್ನು ಮೆಲ್ಲಗೆ ಅಲ್ಲಾಡಿಸಿ. ಉಂಡೆ ತುಂಬುವ ಮೊದಲೇ ಗೋಡೆಗೆ ಒತ್ತಿ ಒಂದು ಗಟ್ಟಿ ಪ್ಲಾಸ್ಟಿಕ್ ನಳಿಕೆಯನ್ನು ತಳ ಮುಟ್ಟುವಂತೆ ನಿಲ್ಲಿಸಿ. 6ರಿಂದ 8 ಮಿ.ಮೀ. ಒಳವ್ಯಾಸ ಸಾಕು. ತೂತಿಲ್ಲದ ಪಾತ್ರೆಯ ತೂತು ಇದೇ. ಮೆಡಿಕಲ್ ಅಂಗಡಿಯ 50 ಮಿ.ಲೀ. ಸಿರಿಂಜಿಗೆ ಅಕ್ವೇರಿಯಂ ಪೈಪಿನ ತುಂಡು ಸಿಕ್ಕಿಸಿ ಇದರೊಳಗಿಳಿಸಿ ಎಳೆದರೆ ತಳದ ನೀರೆಲ್ಲ ಬರುತ್ತದೆ. ಲೆಕ್ಕ ಬೇಕಾದವರಿಗೆ: ಮೇಲೆ ಹೇಳಿದ ಅಳತೆಯ ಪಾತ್ರೆಯಲ್ಲಿ ಎರಡೂವರೆ ಸೆಂಟಿಮೀಟರ್ ಎತ್ತರಕ್ಕೆ ನಿಂತ ನೀರು ಉಂಡೆಗಳ ಜಾಗ ಕಳೆದು ಸುಮಾರು 130 ಮಿ.ಲೀ. ಮೂರು ಎಳೆತ.

ಎಲ್ಲರೂ ಎಡವುವುದು ಮೊದಲ ಆರು ವಾರಗಳಲ್ಲಿ. ತೊಗಟೆಯಲ್ಲಿ ಬೆಳೆದ ಬೇರು ತೊಗಟೆಗೆ ತಕ್ಕಂತೆ ರೂಪುಗೊಂಡಿರುತ್ತದೆ, ಒದ್ದೆಯಲ್ಲಿ ಅದು ಹೆಚ್ಚು ದಿನ ಬಾಳದು. ಒದ್ದೆಗೆ ಒಗ್ಗುವುದು ಅಲ್ಲೇ ಹುಟ್ಟಿದ ಹೊಸ ಬೇರು ಮಾತ್ರ. ಆದ್ದರಿಂದ ಹಸಿರು ತುದಿಯ ಹೊಸ ಬೇರು ಚಿಗುರುತ್ತಿರುವಾಗಲಷ್ಟೇ ಬದಲಾಯಿಸಿ. ನಮ್ಮಲ್ಲಿ ಅದು ಹೆಚ್ಚಾಗಿ ಹೂ ಮುಗಿದ ಮೇಲೆ, ಬೆಚ್ಚಗಿನ ತಿಂಗಳುಗಳಲ್ಲಿ. ಹೂವಿರುವ ಗಿಡವನ್ನು ಕಿತ್ತು ಲೆಕಾಗೆ ಹಾಕಿದರೆ ಹೂ ಉದುರುತ್ತದೆ, ಎಲೆ ಸೊರಗುತ್ತದೆ. ಮೊದಲ ಆರು ವಾರ ನೀರು ತಳದ 2 ಸೆಂ.ಮೀ. ಮೀರದಿರಲಿ, ಯಾವ ಬೇರಿನ ತುದಿಯೂ ಅದನ್ನು ಮುಟ್ಟದಿರಲಿ. ಎರಡು ದಿನಕ್ಕೊಮ್ಮೆ ಮೇಲಿಂದ ನೀರು ಹಾಯಿಸಿ ಹೆಚ್ಚಾದದ್ದನ್ನು ಎಳೆದುಹಾಕಿ. ಹೊಸ ಬೇರು 3–4 ಸೆಂ.ಮೀ. ಬಂದ ಮೇಲೆ ಪಾತ್ರೆಯ ಕಾಲು ಭಾಗಕ್ಕೆ ಗಾಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ಅಲ್ಲಿಯ ತನಕ ತುಂಬಿ. ಆ ಗೆರೆ ಅಲ್ಲೇ ಇರಲಿ, ಅಳಿಸಬೇಡಿ.

ಆಮೇಲಿನ ಕೆಲಸ ವಾರಕ್ಕೆ ಸುಮಾರು ಅರ್ಧ ಗಂಟೆ: ಕಂಠದವರೆಗೆ ಬರೀ ನೀರು ತುಂಬಿಸಿ ಹತ್ತು ನಿಮಿಷ ಬಿಟ್ಟು ಬಗ್ಗಿಸಿ ಚೆಲ್ಲುವುದು, ಇನ್ನೊಮ್ಮೆ ಹಾಗೆಯೇ, ಕೊನೆಗೆ ಗೆರೆಯ ತನಕ ಗೊಬ್ಬರದ ನೀರು. ಈ ತೊಳೆತ ತಪ್ಪಿಸಿದರೆ ಮೇಲಿನ ಉಂಡೆಗಳಲ್ಲಿ ಬಿಳಿ ಹರಳು ಕಟ್ಟುತ್ತದೆ. ಅದು ಲವಣ. ನೀರು ಆವಿಯಾಗುವುದು ಮೇಲಿನಿಂದ, ಲವಣ ಉಳಿಯುವುದೂ ಅಲ್ಲೇ, ಹೊಸ ಬೇರು ಹುಟ್ಟುವುದೂ ಅಲ್ಲೇ. ಬೇರಿನ ತುದಿ ಸುಟ್ಟಂತೆ ಕಪ್ಪಾಗಿ ನಿಂತುಹೋದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ತಳದಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಆಮ್ಲಜನಕ ಮುಗಿದಿದೆ ಎಂದರ್ಥ. ಗಿಡ ತೆಗೆದು ಉಂಡೆ ತೊಳೆಯದೆ ಬೇರೆ ದಾರಿಯಿಲ್ಲ.

ಬರೀ ನೀರು

ಗಾಜಿನ ಹೂದಾನಿ, ತಳದಲ್ಲಿ ನೀರು, ಬೇರಿನ ತುದಿ ನೀರಲ್ಲಿ. ಫೋಟೊಗಳಲ್ಲಿ ಎಲ್ಲಕ್ಕಿಂತ ಚೆಂದ ಕಾಣುವುದು ಇದೇ, ಅದಕ್ಕೇ ಎಲ್ಲರೂ ಮೊದಲು ಇದಕ್ಕೆ ಕೈ ಹಾಕುವುದು. ಫೆಲನಾಪ್ಸಿಸ್ ಇದರಲ್ಲಿ ಬದುಕುತ್ತದೆ, ಹೂವನ್ನೂ ಬಿಡುತ್ತದೆ. ಆದರೆ ಲೆಕಾದಲ್ಲಿ ಬೆಳೆದ ಗಿಡದ ಮೈಕಟ್ಟು ಇದರಲ್ಲಿ ಬರುವುದು ಕಡಿಮೆ. ಕೊಳೆತ ಗಿಡವನ್ನು ಉಳಿಸಿಕೊಳ್ಳಲು, ಬೇರು ಬರುವುದನ್ನು ಕಣ್ಣಾರೆ ನೋಡಲು ಒಳ್ಳೆಯದು.

ಎರಡು ಬಗೆಯಿದೆ. ಸದಾ ನೀರಿನಲ್ಲಿಡುವುದು ಒಂದು. ಎರಡು ದಿನ ನೀರು, ಐದು ದಿನ ಒಣ ಎನ್ನುವುದು ಇನ್ನೊಂದು. ಹೊಸಬರು ಎರಡನೆಯದರಿಂದಲೇ ಶುರು ಮಾಡಲಿ, ಏಕೆಂದರೆ ಒಣಗುವ ಐದು ದಿನವೂ ಬೇರು ಗಾಳಿಯಲ್ಲಿರುತ್ತದೆ. ನೀರಿನಲ್ಲಿರಬೇಕಾದದ್ದು ಬೇರಿನ ಕೆಳಗಿನ ಮೂರನೇ ಒಂದು ಭಾಗ. ನೀರಿನ ಮಟ್ಟಕ್ಕೂ ಗಿಡದ ಬುಡಕ್ಕೂ ಕನಿಷ್ಠ 3 ಸೆಂ.ಮೀ. ಅಂತರ ಬೇಕು. ಬುಡ ನೆನೆದರೆ ಕಾಂಡವೇ ಕೊಳೆಯುತ್ತದೆ, ಆಗ ಗಿಡ ಮುಗಿಯಿತು. ನಡು ಕಿರಿದಾದ ಹೂದಾನಿ ಆರಿಸಿದರೆ ಗಿಡ ತಾನೇ ಅಲ್ಲಿ ಕೂರುತ್ತದೆ, ಕಡ್ಡಿ ತಂತಿಯ ಗೊಡವೆಯಿಲ್ಲ.

ಮೊದಲ ಎರಡು ಮೂರು ತಿಂಗಳಲ್ಲಿ ಹಳೆಯ ಬೇರುಗಳಲ್ಲಿ ಬಹಳಷ್ಟು ಸಾಯುತ್ತವೆ, ಎಲೆ ಸುಕ್ಕಾಗುತ್ತದೆ. ವಿಧಾನ ಸೋತಿತು ಎಂದು ಇಲ್ಲಿಗೇ ಕೈಬಿಡುವವರು ಹೆಚ್ಚು. ಸತ್ತದ್ದನ್ನು ಕತ್ತರಿಸುತ್ತಾ, ನೀರು ಬದಲಿಸುತ್ತಾ ಕಾಯಬೇಕು. ನೀರಲ್ಲೇ ಹುಟ್ಟಿದ ಬೇರು ತೆಳ್ಳಗೆ, ನುಣುಪಾಗಿ, ಹೆಚ್ಚು ಹಸಿರಾಗಿ ಬರುತ್ತದೆ. ಹಾಗೆ ಒಂದೆರಡು ಬಂದರೆ ಗೆದ್ದಂತೆ. ಎಲೆಯಿದೆ, ಬೇರಿಲ್ಲ ಎಂಬ ಸ್ಥಿತಿಯ ಗಿಡವನ್ನು ನೀರಿನಿಂದ ಒಂದು ಸೆಂಟಿಮೀಟರ್ ಮೇಲೆ, ನೀರು ಮುಟ್ಟದಂತೆ ಕೂರಿಸಿ. ನೀರಿನ ಆವಿಯೇ ಅದಕ್ಕೆ ಸಾಕು.

ಬೆಂಗಳೂರು, ಮೈಸೂರಿನ ಹವೆಗೆ 2–5ರ ಲೆಕ್ಕ ಹೊಂದುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ಲಿಗೆ ಹೊಂದುವುದಿಲ್ಲ. ಐದು ದಿನದ ಒಣಗಾಳಿಗೆ ಬೇರು ಹಪ್ಪಳವಾಗುತ್ತದೆ. ಸದಾ ನೀರಲ್ಲಿಟ್ಟರೂ ಕಷ್ಟ. ನೀರು 35 ಡಿಗ್ರಿಗೆ ಏರಿದರೆ ಅದರಲ್ಲಿ ಕರಗುವ ಆಮ್ಲಜನಕ ಇಳಿಯುತ್ತದೆ, ಬೇರಿನ ಉಸಿರಾಟದ ಬೇಡಿಕೆ ಏರುತ್ತದೆ. ಅಂಥ ಕಡೆ ರಾತ್ರಿ ನೀರು, ಬೆಳಗ್ಗೆ ಚೆಲ್ಲುವುದು ಎಂಬ ಕ್ರಮ ಉತ್ತಮ. ಅಮೆರಿಕದ ಚಳಿ ಊರುಗಳಲ್ಲಿರುವ ಕನ್ನಡಿಗರಿಗೆ ಇದರ ತದ್ವಿರುದ್ಧ ಸಮಸ್ಯೆ: ಕಿಟಕಿಯ ಹತ್ತಿರವಿಟ್ಟ ಗಾಜಿನ ನೀರು ರಾತ್ರಿ 15 ಡಿಗ್ರಿಗಿಂತ ಕೆಳಗಿಳಿದರೆ ಬೇರು ನೀರು ಕುಡಿಯುವುದು ಬಹಳ ಕಡಿಮೆಯಾಗುತ್ತದೆ.

ಇನ್ನು ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮನೆಯೊಳಗಿನ ತಿಳಿನೀರಿನ ಹೂದಾನಿ ಎಂದರೆ ತವರುಮನೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ವಾರ, ಹತ್ತು ದಿನ ಸಾಕು. ನೀರು ಚೆಲ್ಲಿದರಷ್ಟೇ ಸಾಲದು, ಅದು ಮೊಟ್ಟೆ ಅಂಟಿಸುವುದು ನೀರಿನ ಮಟ್ಟದ ಮೇಲಿನ ಒದ್ದೆ ಗೋಡೆಗೆ. ಒಣಗಿದರೂ ಆ ಮೊಟ್ಟೆ ಸಾಯುವುದಿಲ್ಲ. ವಾರಕ್ಕೊಮ್ಮೆ ಗಾಜಿನ ಒಳಗೋಡೆಯನ್ನು ನಾರು ಹಾಕಿ ಉಜ್ಜಲೇಬೇಕು. 2–5ರ ಕ್ರಮಕ್ಕೆ ಮಳೆಗಾಲದಲ್ಲಿ ನಾವು ಒತ್ತು ಕೊಡುವುದು ಈ ಕಾರಣಕ್ಕೂ ಹೌದು. ಲೆಕಾದಲ್ಲಿ ನೀರಿನ ಮೇಲೆ ಹತ್ತು ಸೆಂಟಿಮೀಟರಿನಷ್ಟು ಉಂಡೆಗಳಿರುವುದರಿಂದ ಅಪಾಯ ಕಡಿಮೆ, ಆದರೆ ನಳಿಕೆಯ ಬಾಯಿಗೆ ಹತ್ತಿ ತುರುಕಿಡಿ.

ವಂಡಾಗೆ ಬರಿದೇ ಗಾಜು

ವಂಡಾ ಎಂಬ ಹೆಸರು ಸಂಸ್ಕೃತದ ವಂದಾದಿಂದ ಬಂದದ್ದು, ಮರದ ಮೇಲೆ ಬೆಳೆಯುವ ಬದನಿಕೆಯಂಥ ಗಿಡಗಳಿಗಿದ್ದ ಹೆಸರು. ಬದನಿಕೆ ಮರದ ರಸ ಹೀರುತ್ತದೆ, ವಂಡಾ ಹೀರುವುದಿಲ್ಲ, ಬರೀ ಹಿಡಿದುಕೊಂಡಿರುತ್ತದೆ. ಅದರ ಬೆರಳುಗಾತ್ರದ ಬೇರಿಗೆ ಏನೂ ತುಂಬಬಾರದು. ತೊಗಟೆ ಬೇಡ, ಉಂಡೆ ಬೇಡ, ನಿಂತ ನೀರಂತೂ ಬೇಡವೇ ಬೇಡ.

30ರಿಂದ 40 ಸೆಂ.ಮೀ. ಎತ್ತರದ ಬಾಯಗಲದ ಗಾಜಿನೊಳಗೆ ಬೇರನ್ನು ಸುರುಳಿ ಮಾಡಿ ಇಳಿಸಿ, ಎಲೆಗಳು ಬಾಯಿಂದ ಮೇಲಿರಲಿ. ಬೇರು ಗಡುಸಾಗಿದ್ದರೆ ಅರ್ಧ ಗಂಟೆ ನೆನೆಸಿದ ಮೇಲೆ ಬಗ್ಗುತ್ತದೆ, ಒಣಗಿದ್ದಾಗ ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಬೆಳಗ್ಗೆ ನೀರು ತುಂಬಿಸಿ, ಬೇರೆಲ್ಲ ಹಸಿರಾಗುವ ತನಕ, ಅಂದರೆ 15ರಿಂದ 30 ನಿಮಿಷ, ಬಿಟ್ಟು ಪೂರ್ತಿ ಚೆಲ್ಲಿ. ಬೇಸಗೆಯಲ್ಲಿ ದಿನವೂ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಮೂರು ದಿನಕ್ಕೊಮ್ಮೆ ಸಾಕು. ಸಂಜೆಯ ಹೊತ್ತಿಗೆ ಬೇರು ಮತ್ತೆ ಬೆಳ್ಳಿಯಾಗದಿದ್ದರೆ ಮರುದಿನದ ನೀರು ತಪ್ಪಿಸಿ. ಕರಾವಳಿಯವರಿಗೆ ಇಷ್ಟು ಸುಲಭದ ಗಾಜಿನ ಆರ್ಕಿಡ್ ಇನ್ನೊಂದಿಲ್ಲ. ತೊಂದರೆಯಿರುವುದು ಬೆಳಕಿನಲ್ಲಿ: ವಂಡಾ ಹೂ ಬಿಡಲು ಕಡು ಬೆಳಕು ಕೇಳುತ್ತದೆ, ಗಾಜು ಕಡು ಬಿಸಿಲನ್ನು ಒಲ್ಲದು. ಬೆಳಗಿನ ಒಂಬತ್ತೂವರೆಯ ತನಕ ಬಿಸಿಲು ಬೀಳುವ ಪೂರ್ವದ ಬಾಲ್ಕನಿ ಇದ್ದರೆ ಇಬ್ಬರಿಗೂ ಒಪ್ಪಿಗೆ. ದಿನವೂ ಅರ್ಧ ಗಂಟೆ ಮನೆಯಲ್ಲಿ ಇರಲಾಗದವರು ವಂಡಾ ಕೊಳ್ಳಬಾರದು. ಸೀತಾಳೆ ದಂಡೆಯ ನರ್ಸರಿ ಗಿಡಕ್ಕೂ ಇದೇ ಕ್ರಮ ಸಲ್ಲುತ್ತದೆ. ಮರದಿಂದ ಕಿತ್ತದ್ದನ್ನು ಮಾತ್ರ ಕೊಳ್ಳಬೇಡಿ. ಅರಣ್ಯದಿಂದ ಕೀಳುವುದು ಕಾನೂನಿಗೂ ವಿರುದ್ಧ, ಕಿತ್ತಾಗ ಬೇರು ಹರಿದಿರುವುದರಿಂದ ಉಳಿಯುವುದೂ ಅಪರೂಪ.

ತೊಗಟೆ ಅಥವಾ ಮಾಸ್ ತುಂಬಿದ ಗಾಜು

ಇದನ್ನು ಕೊನೆಗಿಟ್ಟಿರುವುದು ಬೇಕೆಂದೇ. ಉಡುಗೊರೆ ಅಂಗಡಿಯವರು ಮಾರುವುದು ಇದನ್ನೇ: ತಳಕ್ಕೆ ಬಣ್ಣದ ಕಲ್ಲು, ಮೇಲೆ ಇದ್ದಿಲು, ಅದರ ಮೇಲೆ ಮಾಸ್, ಮಧ್ಯದಲ್ಲಿ ಆರ್ಕಿಡ್. ಕಲ್ಲಿನ ಪದರ ನೀರು ಬಸಿಯುತ್ತದೆ ಎಂಬ ನಂಬಿಕೆ ಸುಳ್ಳು. ಪಾತ್ರೆ ತೊಳೆಯುವ ಸ್ಪಂಜನ್ನು ತೋಯಿಸಿ ಅಂಗೈ ಮೇಲೆ ಅಡ್ಡಲಾಗಿ ಹಿಡಿಯಿರಿ. ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ, ಮತ್ತಷ್ಟು ನೀರು ಇಳಿಯುತ್ತದೆ. ಯಾವುದೇ ಮಾಧ್ಯಮದ ತಳದ ಒಂದಿಷ್ಟು ಎತ್ತರ ಹೀಗೆ ನೀರನ್ನು ಬಿಡದೆ ಹಿಡಿದಿರುತ್ತದೆ. ಕೆಳಗೆ ಕಲ್ಲು ಹಾಕಿದರೆ ಆ ಒದ್ದೆ ಪಟ್ಟಿ ಕಲ್ಲಿನ ಮೇಲಕ್ಕೆ, ಅಂದರೆ ಬೇರಿನ ಹತ್ತಿರಕ್ಕೆ, ಸರಿಯುತ್ತದೆ ಅಷ್ಟೆ. ಇದ್ದಿಲೂ ಕೊಳೆತವನ್ನು ತಡೆಯುವುದಿಲ್ಲ. ಅದು ವಾಸನೆಯನ್ನು ಒಂದಿಷ್ಟು ಹೀರಬಹುದು, ಆಮ್ಲಜನಕ ತಂದುಕೊಡಲಾರದು.

ಹಾಗಿದ್ದೂ ಇದೇ ಬೇಕೆಂದರೆ ದೊಡ್ಡ ತುಣುಕಿನ ಪೈನ್ ತೊಗಟೆ ಬಳಸಿ. 15ರಿಂದ 20 ಮಿ.ಮೀ. ತುಣುಕು, ಎತ್ತರದ ಪಾತ್ರೆ. ಒದ್ದೆ ಪಟ್ಟಿಯ ದಪ್ಪ ಪಾತ್ರೆಯ ಎತ್ತರದ ಮೇಲೆ ನಿಂತಿಲ್ಲ, ಆದ್ದರಿಂದ ಎತ್ತರ ಹೆಚ್ಚಿದಷ್ಟೂ ಒಣಭಾಗ ಹೆಚ್ಚು. ತೆಂಗಿನ ಸಿಪ್ಪೆಯ ತುಂಡು ನಮ್ಮಲ್ಲಿ ಸುಲಭಕ್ಕೆ ಸಿಕ್ಕರೂ ತೂತಿಲ್ಲದ ಪಾತ್ರೆಗೆ ಬೇಡ, ನೀರು ಹೆಚ್ಚು ಹಿಡಿಯುತ್ತದೆ, ಬೇಗ ಮೆತ್ತಗಾಗುತ್ತದೆ. ಮಾಸ್ ತನ್ನ ಒಣ ತೂಕದ ಹದಿನೈದಿಪ್ಪತ್ತು ಪಟ್ಟು ನೀರು ಕುಡಿಯುವ ಪದಾರ್ಥ. ತೂತಿಲ್ಲದ ಗಾಜಿಗೆ ಮಾಸ್ ತುಂಬುವುದೆಂದರೆ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಹಾಗೆ.

ನೀರನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ, ಅಡುಗೆಮನೆಯ ತಕ್ಕಡಿ ಬಳಸಿ. ನೆಟ್ಟ ಮೇಲೆ ಬೇರು ಬೆಳ್ಳಿಯಾಗಿ, ಗೋಡೆಯ ಮಂಜು ಪೂರ್ತಿ ಹೋದ ದಿನ ಇಡೀ ಪಾತ್ರೆ ತೂಗಿ ಬರೆದಿಡಿ. 1,140 ಗ್ರಾಂ ಎನ್ನೋಣ. 12 ಸೆಂ.ಮೀ. ಅಗಲದ ಪಾತ್ರೆಯಾದರೆ 1,200 ಗ್ರಾಂ ಆಗುವಷ್ಟು, ಅಂದರೆ 60 ಮಿ.ಲೀ. ಮಾತ್ರ, ಸುತ್ತಲೂ ಹನಿಸಿ. ತೂಕ ಮತ್ತೆ 1,140ಕ್ಕೆ ಇಳಿಯುವ ತನಕ ಪಾತ್ರೆ ಮುಟ್ಟುವುದಿಲ್ಲ. ಗಿಡ ಬೆಳೆದಂತೆ ಎರಡು ತಿಂಗಳಿಗೊಮ್ಮೆ ಈ ಅಂಕಿಯನ್ನು ಹೊಸದಾಗಿ ತೂಗಿ ಬರೆದುಕೊಳ್ಳಬೇಕು. ತಕ್ಕಡಿ ಹಿಡಿಯುವ ತಾಳ್ಮೆ ಇಲ್ಲದವರಿಗೆ ಈ ವಿಧಾನ ಬೇಡ.

ಉಡುಗೊರೆಯಾಗಿ ಬಂದದ್ದಾದರೆ ಹೂ ಇರುವ ತನಕ ಬಗ್ಗಿಸಿ ನೀರು ಚೆಲ್ಲುತ್ತಾ ಕಾಪಾಡಿ, ಹೂ ಮುಗಿದು ಹೊಸ ಬೇರು ಚಿಗುರತೊಡಗಿದಾಗ ತೆಗೆದು ಮೇಲಿನ ಯಾವುದಾದರೂ ದಾರಿಗೆ ತನ್ನಿ.

ಮುಚ್ಚಿದ ಜಾಡಿ, ಕೊರೆದ ಗಾಜು

ಮುಚ್ಚಳದ ಜಾಡಿಯೊಳಗೆ ಫೆಲನಾಪ್ಸಿಸ್ ಇಡಬೇಡಿ. ಅಲ್ಲಿ ಸುಖವಾಗಿರುವುದು ಎಲೆಯ ಚೆಂದಕ್ಕೆ ಬೆಳೆಸುವ ಲುಡಿಸಿಯಾ, ಮಕೋಡೀಸ್‌ನಂಥವು. ಅವು ಕಾಡಿನ ನೆಲದ ಒದ್ದೆ ತರಗೆಲೆಯಲ್ಲಿ ಬೆಳೆಯುವ ಆರ್ಕಿಡ್‌ಗಳು, ಮಂದ ಬೆಳಕು ಸಾಕು. ಲುಡಿಸಿಯಾದ ಕಾಂಡದ ತುಂಡು ಬರೀ ನೀರಲ್ಲೂ ಬೇರು ಬಿಡುತ್ತದೆ.

ಇಷ್ಟವಾದ ಗಾಜು ದಪ್ಪವಿದ್ದರೆ 8 ಮಿ.ಮೀ. ವಜ್ರದ ಬಿಟ್‌ನಿಂದ ತೂತು ಕೊರೆಸಿಬಿಡುವುದೂ ಒಂದು ಆಯ್ಕೆ. ನೀರು ಹನಿಸುತ್ತಾ, ನಿಧಾನ ವೇಗದಲ್ಲಿ, ಒತ್ತದೆ. ಟಫನ್ಡ್ (ಕಾಯಿಸಿ ಗಡುಸುಗೊಳಿಸಿದ) ಗಾಜಾದರೆ ಪುಡಿಪುಡಿಯಾಗುತ್ತದೆ, ಕೊರೆಯುವ ಮೊದಲು ಖಚಿತಪಡಿಸಿಕೊಳ್ಳಿ.

ಯಾವ ಜಾತಿ, ಯಾವ ನೀರು

ನರ್ಸರಿಯಲ್ಲಿ ಸಿಗುವ ಉಳಿದವುಗಳ ಬಗ್ಗೆ: ಡೆಂಡ್ರೋಬಿಯಂ ಮತ್ತು ಕ್ಯಾಟ್ಲಿಯಾ ಬರೀ ನೀರಿಗೆ ಆಗುವುದಿಲ್ಲ, ಒಣಗಿ ನೆನೆದು ಒಣಗುವ ಚಕ್ರ ಅವಕ್ಕೆ ಬೇಕು. ಕ್ಯಾಟ್ಲಿಯಾದ ಅಡ್ಡಕಾಂಡ ನೆನೆದಲ್ಲೇ ಕೊಳೆಯುತ್ತದೆ. ಅವಕ್ಕೆ ಗಾಜಿನೊಳಗಿನ ಪ್ಲಾಸ್ಟಿಕ್ ಕುಂಡವೇ ಸರಿ. ಆನ್ಸಿಡಿಯಂನ ಸಣ್ಣ ಬೇರಿಗೆ, ಪ್ಯಾಫಿಯೋಪೆಡಿಲಂಗೆ ಲೆಕಾ ಚೆನ್ನಾಗಿ ಹಿಡಿಸುತ್ತದೆ.

ನೀರಿನ ವಿಷಯದಲ್ಲಿ ತೂತಿಲ್ಲದ ಪಾತ್ರೆ ಕ್ಷಮಿಸುವುದಿಲ್ಲ, ಹೊರಹೋಗಲು ದಾರಿಯಿಲ್ಲದ ಲವಣ ಅಲ್ಲೇ ಕೂಡುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಮೀಟರ್ ಇಟ್ಟುಕೊಳ್ಳಿ. 150 ಪಿಪಿಎಂ ಒಳಗಿದ್ದರೆ ಬಹಳ ಒಳ್ಳೆಯದು, 200ರ ತನಕ ನಡೆಯುತ್ತದೆ. ಬೋರ್‌ವೆಲ್ ನೀರು 600 ತೋರಿಸಿದರೆ ಅದರ ಒಂದು ಪಾಲಿಗೆ 30 ಪಿಪಿಎಂನ ಆರ್‌ಒ ನೀರಿನ ಮೂರು ಪಾಲು ಸೇರಿಸಿ, ಸುಮಾರು 170ಕ್ಕೆ ಇಳಿಯುತ್ತದೆ. ಆರ್‌ಒ ಯಂತ್ರ ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಲವಣ ಇನ್ನೂ ಹೆಚ್ಚು, ಅದು ಬೇಡ. ವಾಟರ್ ಸಾಫ್ಟನರ್‌ನ ನೀರಿನಲ್ಲಿ ಸೋಡಿಯಂ ಇರುತ್ತದೆ, ಅದೂ ಬೇಡ. ಮಳೆನೀರು ಹಿಡಿದಿಟ್ಟರೆ ಅದಕ್ಕಿಂತ ಮೇಲಿನದಿಲ್ಲ.

ಗೊಬ್ಬರ ಲೀಟರಿಗೆ ಕಾಲು ಗ್ರಾಂ, ಅದಕ್ಕಿಂತ ಹೆಚ್ಚಲ್ಲ. ಅಷ್ಟು ಸಣ್ಣ ತೂಕ ಮನೆಯಲ್ಲಿ ತೂಗಲಾಗದು. 5 ಗ್ರಾಂ ಪುಡಿಯನ್ನು ಅರ್ಧ ಲೀಟರ್ ನೀರಲ್ಲಿ ಕರಗಿಸಿ, ಆ ದ್ರಾವಣದ 25 ಮಿ.ಲೀ. ಅನ್ನು ಒಂದು ಲೀಟರಿಗೆ ಬೆರೆಸಿ. ಕೃಷಿ ಅಂಗಡಿಯ 19:19:19ರಲ್ಲಿ ಸಾರಜನಕದ ಅರ್ಧಕ್ಕಿಂತ ಹೆಚ್ಚು ಪಾಲು ಯೂರಿಯಾ ರೂಪದ್ದು. ಫೆಲನಾಪ್ಸಿಸ್ ಬೇರು ಯೂರಿಯಾವನ್ನು ನೇರವಾಗಿಯೂ ಹೀರಬಲ್ಲದು, ಆದರೆ ಅದನ್ನು ಒಡೆಯುವ ಬ್ಯಾಕ್ಟೀರಿಯಾಗಳು ಶುದ್ಧ ಗಾಜು-ನೀರಿನಲ್ಲಿ ಕಡಿಮೆ. ಯೂರಿಯಾ ವಿದ್ಯುತ್ ಹರಿಸದ ಕಾರಣ ಟಿಡಿಎಸ್ ಮೀಟರ್ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕಡಿಮೆ ತೋರಿಸಿತೆಂದು ಇನ್ನಷ್ಟು ಹಾಕಬೇಡಿ. ನೈಟ್ರೇಟ್ ಪಾಲು ಹೆಚ್ಚಿರುವ ಆರ್ಕಿಡ್ ಗೊಬ್ಬರ ಸಿಕ್ಕರೆ ಲೆಕಾಗೂ ನೀರಿಗೂ ಅದೇ ಸರಿ.

ಹೂವಿನ ಬಗ್ಗೆ ಒಂದು ಮಾತು. ಫೆಲನಾಪ್ಸಿಸ್‌ನ ಹೂಗೊನೆ ಹೊರಡಲು ಕೆಲವು ವಾರ 25 ಡಿಗ್ರಿಗಿಂತ ತಣ್ಣಗಿನ ಹವೆ ಬೇಕು. ಬೆಂಗಳೂರಿನ ನವೆಂಬರ್–ಜನವರಿಯಲ್ಲಿ ಅದು ತಾನಾಗಿ ಸಿಗುತ್ತದೆ. ಮಂಗಳೂರಿನಲ್ಲಿ ಎಸಿ ಕೋಣೆಯಿಲ್ಲದೆ ಸಿಗುವುದು ಕಷ್ಟ. ಗಿಡ ದಷ್ಟಪುಷ್ಟವಾಗಿದ್ದೂ ಎರಡು ವರ್ಷ ಹೂ ಬಿಡದಿದ್ದರೆ ಗಾಜನ್ನು ದೂರಬೇಡಿ.

ಒಂದು ವಿಧಾನದಿಂದ ಇನ್ನೊಂದಕ್ಕೆ ಬದಲಾಗುವಾಗ ಎರಡೂ ದಿಕ್ಕಿನಲ್ಲಿ ನಿಯಮ ಒಂದೇ. ಲೆಕಾ, ನೀರಿನ ಬೇರು ತೊಗಟೆಗೆ ಹೋದರೆ ಒಣಗಿ ಸಾಯುತ್ತದೆ, ತೊಗಟೆಯ ಬೇರು ನೀರಿಗೆ ಬಂದರೆ ಕೊಳೆತು ಸಾಯುತ್ತದೆ. ಆದ್ದರಿಂದ ಹೊಸ ಬೇರಿನ ಹಸಿರು ತುದಿ ಒಂದು ಸೆಂಟಿಮೀಟರಿನಷ್ಟು ಕಂಡಾಗ ಬದಲಿಸಿ, ಇನ್ನೂ ಉದ್ದವಾದರೆ ನೆಡುವಾಗ ಮುರಿಯುತ್ತದೆ. ಬದಲಿಸಿದ ಮೇಲೆ ಮೂರು ತಿಂಗಳು ಮತ್ತೆ ಕೈ ಹಾಕಬೇಡಿ. ಕೆಳಗಿನ ಒಂದು ಎಲೆ ಹಳದಿಯಾಗಿ ಉದುರುವುದು ಸಹಜ. ನಡುವಿನ ಎಲೆ ಬುಡದಿಂದ ಮೆತ್ತಗಾಗಿ ಕೈಗೆ ಬಂದರೆ ಮಾತ್ರ ಆ ಗಿಡ ಉಳಿಯುವುದು ಕಷ್ಟ. ಆಗ ಗಾಜನ್ನೂ ಉಂಡೆಗಳನ್ನೂ ಕುದಿಯುವ ನೀರಲ್ಲಿ ಅಲ್ಲ, ಬ್ಲೀಚ್ ಬೆರೆಸಿದ ನೀರಲ್ಲಿ ಅರ್ಧ ಗಂಟೆ ಇಟ್ಟು, ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸಿ ಮುಂದಿನ ಗಿಡಕ್ಕೆ ಇಟ್ಟುಕೊಳ್ಳಿ. ಕುದಿನೀರಿಗೆ ಗಾಜು ಸೀಳಬಹುದು.